ಪ್ಲೇಟಿಂಗ್‌ಗೆ ಹೋಗಿದೆ ಸಾರ್

ಬೀಡಿ ಬಿಡುವುದು ನನಗೆ ಅಂಥ ಕಷ್ಟವಾಗಲಿಲ್ಲ. ರಂಜಾನ್ ತಿಂಗಳಲ್ಲಿ ಬೆಳಗಿನ ಜಾವದಿಂದ ಸೂರ್ಯ ಮುಳುಗುವ ತನಕ ಗುಟುಕು ನೀರೂ ಇಲ್ಲ ಅಂದಮೇಲೆ ಬೀಡಿ ಯಾವ ಲೆಕ್ಕ? ಹೊಟ್ಟೆ ಸುಮ್ಮನಾದರೆ ಅದೂ ತೆಪ್ಪಗಾಗುತ್ತೆ. ನನಗೆ ಕಷ್ಟವಾದದ್ದು ಪ್ಲೇಟಿಂಗ್ ಬಿಡುವುದು.

ಇದೇನೋ ಹೊಸ ಚಟ ಅಂದುಕೊಳ್ಳಬೇಡಿ. ಪ್ಲೇಟಿಂಗ್ ಅಂದರೆ ಕಬ್ಬಿಣಕ್ಕೆ ತುಕ್ಕು ಹಿಡಿಯದ ಹಾಗೆ ಮೇಲೆ ಕೊಡುವ ಹೊಳಪಿನ ಲೇಪ, ಅಷ್ಟೇ. ಪೀಣ್ಯದಲ್ಲಿ ನನ್ನದು ಕಬ್ಬಿಣ ಕಡೆಯುವ ಎರಡು ಲೇತ್ ಇರುವ ಸಣ್ಣ ಶೆಡ್ಡು. ದೊಡ್ಡ ಫ್ಯಾಕ್ಟರಿಯವರು ಡ್ರಾಯಿಂಗ್ ಕೊಡುತ್ತಾರೆ, ನಾವು ಪಿನ್ನು, ಬುಷ್ಷು ಕಡೆದು ಕೊಡುತ್ತೇವೆ. ಕಡೆದ ಮಾಲು ಪಕ್ಕದ ರಸ್ತೆಯ ಪ್ಲೇಟಿಂಗ್‌ನವರ ಹತ್ತಿರ ಹೋಗಿ ಮಿರಮಿರ ಮಿಂಚಿಕೊಂಡು ವಾಪಸ್ ಬರುತ್ತೆ. ಅಲ್ಲಿ ಎಷ್ಟು ದಿನ ಕೂರುತ್ತೆ ಅಂತ ಯಾರೂ ಗಟ್ಟಿಯಾಗಿ ಹೇಳಲಾರರು. ಅದೇ ನಮಗೆ ಅನುಕೂಲ. "ಮಾಲು ಎಲ್ಲಿಗೆ ಬಂತು?" ಅಂತ ಫೋನ್ ಬಂದರೆ, ರಾಡು ಇನ್ನೂ ಅಂಗಡಿಯಿಂದಲೇ ಬಂದಿರದಿದ್ದರೂ, "ಪ್ಲೇಟಿಂಗ್‌ಗೆ ಹೋಗಿದೆ ಸಾರ್" ಅಂದುಬಿಡುವುದು. ಎರಡನೇ ಸಲ ಫೋನ್ ಬಂದರೆ "ಗಾಡಿ ಹೊರಟಿದೆ, ಜಾಲಹಳ್ಳಿ ಕ್ರಾಸ್ ದಾಟಿದೆ." ಗಾಡಿ ಶೆಡ್ಡಿನ ಮುಂದೆಯೇ ನಿಂತಿರುತ್ತೆ, ಅದರ ನೆರಳಲ್ಲಿ ಡ್ರೈವರ್ ಮಲಗಿರುತ್ತಾನೆ. ಇಪ್ಪತ್ತು ವರ್ಷದಲ್ಲಿ ಆ ಕ್ರಾಸನ್ನು ನನ್ನ ಬಾಯಿ ದಾಟಿದಷ್ಟು ಸಲ ನನ್ನ ಗಾಡಿ ದಾಟಿಲ್ಲ.

ಇದನ್ನು ನಾನು ಸುಳ್ಳು ಅಂತ ಯಾವತ್ತೂ ಅಂದುಕೊಂಡಿರಲಿಲ್ಲ. ವ್ಯಾಪಾರದ ಮಾತು ಅಂದುಕೊಂಡಿದ್ದೆ. ಈ ಸಲ ರಂಜಾನಿನ ಮೊದಲ ಶುಕ್ರವಾರ ರಾಜಗೋಪಾಲನಗರದ ನಮ್ಮ ಮಸೀದಿಯಲ್ಲಿ ಹಜ್ರತ್ ಹೇಳಿದರು: ಹೊಟ್ಟೆಗೆ ಮಾತ್ರ ರೋಜಾ ಇಟ್ಟರೆ ಸಾಲದು, ಕಣ್ಣಿಗೂ ಕಿವಿಗೂ ನಾಲಿಗೆಗೂ ಇಡಬೇಕು, ಸುಳ್ಳು ಬಿಡದವನು ಊಟ ಬಿಟ್ಟರೆ ಅವನ ಪಾಲಿಗೆ ಬರೋದು ಬರೀ ಹಸಿವು. ಹೇಳುವಾಗ ಅವರು ನನ್ನ ತಲೆಯ ಮೇಲಿನ ಫ್ಯಾನನ್ನೇ ನೋಡುತ್ತಿದ್ದರು. ಆದರೂ ನನ್ನನ್ನೇ ನೋಡಿದ ಹಾಗಾಯಿತು.

ಮನೆಯಲ್ಲಿ ಈ ವಿಷಯ ಹೇಳಿದ್ದು ನನ್ನ ತಪ್ಪು. ಅವತ್ತಿನಿಂದ ನನ್ನ ಹೆಂಡತಿ ಮುಬೀನಾ, ಸಂಜೆ ರೋಜಾ ಬಿಡಲು ಖರ್ಜೂರ ಕೈಗೆ ಕೊಡುತ್ತಲೇ ಕೇಳತೊಡಗಿದಳು, "ಏನ್ರೀ, ಇವತ್ತು ಎಷ್ಟು ಪ್ಲೇಟಿಂಗ್ ಆಯ್ತು?"

ಒಂದು ವಾರ ಹೇಗೋ ನಡೆಯಿತು. ಫೋನ್ ಎತ್ತದಿದ್ದರೆ ಸುಳ್ಳೂ ಇಲ್ಲವಲ್ಲ! ಆದರೆ ಬಸವರಾಜಪ್ಪನವರ ಫೋನ್ ಎತ್ತದೆ ಇರಲು ಆಗುವುದಿಲ್ಲ. ದಾವಣಗೆರೆ ಕಡೆಯವರು, ಬೊಮ್ಮಸಂದ್ರದ ಒಂದು ಪಂಪ್ ಫ್ಯಾಕ್ಟರಿಯಲ್ಲಿ ಮಾಲು ಕೊಳ್ಳುವ ಅಧಿಕಾರಿ. ನನ್ನ ಅರ್ಧಕ್ಕಿಂತ ಹೆಚ್ಚು ಕೆಲಸ ಅವರದೇ. ಅವರು ಡ್ರಾಯಿಂಗನ್ನು ಬೇರೆ ಶೆಡ್ಡಿಗೆ ಕೊಟ್ಟರೆ ನನ್ನ ಒಂದು ಲೇತಿಗೆ ಬಟ್ಟೆ ಹೊದಿಸಬೇಕು. ಅವರಿಗೆ ಬುಧವಾರ ನಾನೂರು ಪಿನ್ನು ಕೊಡುತ್ತೇನೆ ಅಂದಿದ್ದೆ. ಮಂಗಳವಾರ ಮಧ್ಯಾಹ್ನದ ತನಕ ಒಂದೂ ಕಡೆದಿರಲಿಲ್ಲ. ಬೇರೆಯವರ ಕೆಲಸ ಮುಂದೆ ಹಾಕಿಕೊಂಡಿದ್ದೆ, ತಪ್ಪು ನನ್ನದೇ. ಫೋನ್ ಬಂತು.

ನಾನು ಆ ಹೆಸರು ನೋಡುತ್ತಾ ನಿಂತದ್ದನ್ನು ನಮ್ಮ ಲೇತ್ ನಡೆಸುವ ಟರ್ನರ್ ಶಿವಣ್ಣ ನೋಡಿದ. ಮಾಗಡಿ ಕಡೆಯವನು, ನನ್ನ ಜೊತೆ ಹದಿನಾರು ವರ್ಷದಿಂದ ಇದ್ದಾನೆ.

"ಯಾಕ್ ಭಾಯ್ ಒದ್ದಾಡ್ತೀರಾ? ನಂಗೇನ್ ರೋಜಾನಾ? ಇತ್ಲಾಗ್ ಕೊಡಿ ಪೋನು, ಪ್ಲೇಟಿಂಗ್‌ಗೆ ಓಗೈತೆ ಅಂತ ನಾನ್ ಏಳ್ತೀನಿ."

ಸತ್ಯ ಹೇಳುತ್ತೇನೆ, ಕೈ ಅರ್ಧ ಚಾಚಿದ್ದೆ. ಆಮೇಲೆ ಅನ್ನಿಸಿತು, ಪ್ಲೇಟಿಂಗನ್ನು ಪಕ್ಕದ ರಸ್ತೆಗೆ ಕೊಟ್ಟ ಹಾಗೆ ಸುಳ್ಳನ್ನೂ ಹೊರಗೆ ಮಾಡಿಸುವುದಾ? ಮಾಡಿದವರು ಯಾರಾದರೂ ಮಾಲು ನಂದೇ ತಾನೇ? ಫೋನ್ ಎತ್ತಿದೆ.

"ಏನ್ರೀ ಖಲೀಲ್ ಭಾಯ್, ಪಿನ್ನು ಎಲ್ಲಿಗೆ ಬಂದ್ವು?"

ಬಾಯಿ ಮೊದಲೇ ಒಣಗಿತ್ತು. "ಸಾರ್, ಇನ್ನೂ ಮಷೀನ್ ಮೇಲೇ ಹಾಕಿಲ್ಲ. ಬೇರೆ ಕೆಲಸ ಮುಂದೆ ಹಾಕ್ಕೊಂಡ್‌ಬಿಟ್ಟೆ, ನನ್ ತಪ್ಪು. ಶನಿವಾರ ಸಾಯಂಕಾಲ ಕೊಡ್ತೀನಿ. ಅದಕ್ಕೆ ಮುಂಚೆ ಆಗಲ್ಲ."

ಆ ಕಡೆ ಸದ್ದಿಲ್ಲ. ಆಮೇಲೆ ಫೋನ್ ಕಟ್ಟಾಯಿತು.

"ಆಯ್ತು ಬಿಡಿ," ಅಂದ ಶಿವಣ್ಣ, "ಒಂದ್ ಮಾತ್ನಾಗೆ ಇಪ್ಪತ್ ವರ್ಸದ ಗಿರಾಕಿ ಕಳ್ದ್ರಿ. ನಿಮ್ ಅಲ್ಲಾ ಒಳ್ಳೇದ್ ಮಾಡ್ಲಿ."

ಬುಧವಾರ ಫೋನ್ ಇಲ್ಲ, ಗುರುವಾರವೂ ಇಲ್ಲ. ನಾನೇ ಮಾಡೋಣ ಅಂದರೆ, ಬೇರೆಯವರಿಗೆ ಕೊಟ್ಟಾಯಿತು ಅನ್ನುವ ಮಾತನ್ನು ಕೇಳಲು ಧೈರ್ಯವಿಲ್ಲ. ಮೊದಲಾದರೆ ಅವರು ದಿನಕ್ಕೆ ಎರಡು ಸಲ ಬೈಯುತ್ತಿದ್ದರು. ಬೈಗುಳ ಎಂಥ ಸಮಾಧಾನದ ವಸ್ತು ಅಂತ ಆಗ ಗೊತ್ತಾಯಿತು. ಸಂಜೆ ಮುಬೀನಾ ಎಂದಿನಂತೆ ಕೇಳಿದಳು. "ಸೊನ್ನೆ" ಅಂದೆ. ಅವಳು ಖುಷಿಯಿಂದ ಇನ್ನೊಂದು ಸಮೋಸ ಹಾಕಿದಳು. ಅದನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ.

ಆದರೂ ಕೆಲಸ ನಿಲ್ಲಿಸಲಿಲ್ಲ. ನಾನೂ ಶಿವಣ್ಣನೂ ಎರಡು ಲೇತಿಗೂ ಅದನ್ನೇ ಹಾಕಿ ಕಡೆದೆವು. ಶುಕ್ರವಾರ ಪ್ಲೇಟಿಂಗ್‌ನವರ ಬಾಗಿಲಲ್ಲಿ ನಾನೇ ಸ್ಟೂಲ್ ಹಾಕಿ ಕೂತು, ನಮಾಜಿಗೆ ಮಾತ್ರ ಎದ್ದು, ಮಾಲು ಮಾಡಿಸಿದೆ. ಇಲ್ಲಿ ಸ್ವಲ್ಪ ನನ್ನ ಹೆಮ್ಮೆ ಹೇಳಿಕೊಳ್ಳಬೇಕು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೆ ಡ್ರಾಯಿಂಗ್ ಓದುವುದರಲ್ಲಿ ಡಿಪ್ಲೊಮಾ ಮಾಡಿದವರು ನನ್ನನ್ನು ಕೇಳಲು ಬರುತ್ತಾರೆ. ಪ್ರತಿ ಡ್ರಾಯಿಂಗಿನಲ್ಲೂ ಅಳತೆಯ ಪಕ್ಕ ಟಾಲರೆನ್ಸ್ ಅಂತ ಇರುತ್ತೆ, ಇಷ್ಟು ಹೆಚ್ಚುಕಮ್ಮಿ ಆದರೆ ಪರವಾಗಿಲ್ಲ ಅನ್ನುವ ರಿಯಾಯಿತಿ. ಆ ರಿಯಾಯಿತಿ ಕೂದಲಿಗಿಂತ ತೆಳ್ಳಗಿರುತ್ತೆ. ನನ್ನ ಪಿನ್ನು ಅದರಲ್ಲೂ ಅರ್ಧ ಉಳಿಸುತ್ತೆ. ಈ ವಿಷಯದಲ್ಲಿ ಪೀಣ್ಯದಲ್ಲಿ ನನಗೆ ಯಾರೂ ಬೆರಳು ತೋರಿಸುವ ಹಾಗಿಲ್ಲ.

ಶನಿವಾರ ಗಾಡಿಯಲ್ಲಿ ಡ್ರೈವರ್ ಪಕ್ಕ ನಾನೇ ಕೂತೆ. ಊರಿನ ಈ ತುದಿಯಿಂದ ಆ ತುದಿಗೆ. ಐದೂವರೆಗೆ ಬೊಮ್ಮಸಂದ್ರ ಮುಟ್ಟಿದೆವು. ಗೇಟಿನವನು ಒಳಗೇ ಬಿಡಲಿಲ್ಲ. "ಸ್ಟೋರ್ ಬಂದ್ ಆಗಿದೆ ಅಣ್ಣ, ಇವತ್ತು ಯಾವ ಮಾಲೂ ಬರಲ್ಲ ಅಂದ್ರಲ್ಲ?" ಅಲ್ಲೇ ನಿಂತು ಬಸವರಾಜಪ್ಪನವರಿಗೆ ಫೋನ್ ಮಾಡಿದೆ.

"ಸಾರ್, ಗಾಡಿ ಗೇಟಲ್ಲಿದೆ."

"ಯಾವ ಗೇಟ್ರೀ?"

"ನಿಮ್ ಗೇಟೇ ಸಾರ್."

"ಖಲೀಲ್ ಭಾಯ್, ಶನಿವಾರ ಸಂಜಿ ತಮಾಷೆ ಬ್ಯಾಡ. ಖರೇ ಹೇಳ್ರಿ, ಜಾಲಹಳ್ಳಿ ಕ್ರಾಸ್ ದಾಟೀರೋ ಇಲ್ಲೋ?"

"ರೋಜಾ ಇದ್ದೀನಿ ಸಾರ್. ಹಾರನ್ ಹೊಡಿಸ್ಲಾ?"

ಹಾರನ್ ಹೊಡೆಸಿದೆ. ಮೇಲಿನ ಕಿಟಕಿಯಲ್ಲಿ ಅವರ ತಲೆ ಕಾಣಿಸಿತು. ಓಡಿಕೊಂಡೇ ಕೆಳಗೆ ಬಂದರು, ಪೆಟ್ಟಿಗೆ ತೆಗೆಸಿ ನೋಡಿದರು, ಒಂದು ಪಿನ್ನು ಅಳೆದರು, ಆಮೇಲೆ ನನ್ನ ಮುಖವನ್ನೂ ಅಳೆಯುವ ಹಾಗೆ ನೋಡಿದರು.

"ಅವತ್ತು ಫೋನ್ ಯಾಕೆ ಕಟ್ ಮಾಡಿದ್ರಿ ಸಾರ್?"

"ಕಟ್ ಎಲ್ಲಿ ಮಾಡ್ದೆ? ಲಿಫ್ಟಿನಾಗಿದ್ದೆ, ಸಿಗ್ನಲ್ ಹೋತು. ಮಷೀನ್ ಮ್ಯಾಲೇ ಹಾಕಿಲ್ಲ ಅಂದ್ರಲ್ಲ, ಇದ್ಯಾವ ಹೊಸಾ ನಮೂನಿ ಸುಳ್ಳಪ್ಪಾ ಅಂತ ಗಾಬರಿ ಆತು."

ನಾಲ್ಕು ದಿನದ ನನ್ನ ಸಂಕಟವೆಲ್ಲ ಒಂದು ಲಿಫ್ಟಿನಿಂದ! ನಗುವುದೋ ಅಳುವುದೋ ತಿಳಿಯಲಿಲ್ಲ. ಅವರು ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ತೋರಿಸಿದರು. ಮಾಲು ಕೊಡುವವರ ಹೆಸರು, ಹೆಸರಿನ ಮುಂದೆ ಒಂದು ಅಂಕಿ. ನನ್ನ ಹೆಸರಿನ ಮುಂದೆ 'ಪ್ಲಸ್ ನಾಲ್ಕು'.

"ನೀವು ಹೇಳಿದ ದಿನಕ್ಕೆ ನಾಲ್ಕು ಕೂಡಿಸೋದು. ಶನಿವಾರ ಅಂದ್ರಿ, ಬರೋ ಬುಧವಾರ ಅಂತ ಮ್ಯಾಲಿನವರಿಗೆ ಹೇಳೀನಿ. ಸ್ಟೋರಿನವ ಅದಕ್ಕೇ ಮನಿಗೆ ಹೋಗ್ಯಾನ."

ಕೆಲಸ ಉಳಿಯಿತು ಅನ್ನುವ ನೆಮ್ಮದಿ ಒಂದು ಕಡೆ. ಆದರೆ ಆ ಪ್ಲಸ್ ನಾಲ್ಕು ಮುಳ್ಳಿನ ಹಾಗೆ ಚುಚ್ಚಿತು. ನನ್ನ ಪಿನ್ನಿಗೆ ಕೂದಲಿಗಿಂತ ತೆಳ್ಳಗಿನ ಟಾಲರೆನ್ಸ್, ನನ್ನ ಮಾತಿಗೆ ನಾಲ್ಕು ದಿನದ್ದು! ಬೇರೆ ಯಾರಾದರೂ ಇಂಥ ಮಾಲು ತಂದಿದ್ದರೆ ನಾನೇ ರಿಜೆಕ್ಟ್ ಮಾಡಿ ಮೂಲೆಗೆ ಎಸೆಯುತ್ತಿದ್ದೆ. ಬಸವರಾಜಪ್ಪನವರು ತಾವೇ ಬೀಗದ ಕೈ ತರಿಸಿ, ಅಂಗಿಯ ತೋಳು ಮಡಚಿ ಪೆಟ್ಟಿಗೆ ಇಳಿಸಲು ಕೈ ಜೋಡಿಸಿದರು. ಮುಗಿದ ಮೇಲೆ ನೀರಿನ ಬಾಟಲಿ ಚಾಚಿದರು. "ಇನ್ನೂ ಹತ್ತು ನಿಮಿಷ ಇದೆ ಸಾರ್" ಅಂದೆ. ಅವರೂ ಕುಡಿಯದೆ, ಗಡಿಯಾರ ನೋಡುತ್ತಾ ನನ್ನ ಪಕ್ಕ ಕೂತರು. ಆ ಹತ್ತು ನಿಮಿಷಕ್ಕೆ ಮಾತ್ರ ಅವರು ಏನನ್ನೂ ಕೂಡಿಸಲಿಲ್ಲ.

ಹಬ್ಬ ಮುಗಿಯಿತು. ಬೀಡಿ ಅವತ್ತು ಸಂಜೆಯೇ ವಾಪಸ್ ಬಂತು, ಅದನ್ನು ಮುಚ್ಚಿಟ್ಟರೆ ಅದೂ ಒಂದು ಪ್ಲೇಟಿಂಗ್ ಆಗುತ್ತೆ. ಮುಂದಿನ ವಾರ ಬಸವರಾಜಪ್ಪನವರು ಫೋನ್ ಮಾಡಿ, "ನಿಮ್ಮ ಹೆಸರಿನ ಮುಂದಿನ ನಾಲ್ಕು ಅಳಿಸಿ ಸೊನ್ನೆ ಬರೀತೀನ್ರೀ" ಅಂದರು. ಎದೆ ಉಬ್ಬಿತು. ಆದರೆ ಕಸುಬು ಗೊತ್ತಿದ್ದವನಲ್ಲವೇ ನಾನು? "ಸೊನ್ನೆ ಬೇಡ ಸಾರ್, ಒಂದು ಇಡಿ. ಸೊನ್ನೆ ಟಾಲರೆನ್ಸ್ ಇರೋ ಡ್ರಾಯಿಂಗನ್ನ ಯಾವ ಮನುಷ್ಯನೂ ಕಡೆಯಕ್ಕಾಗಲ್ಲ."

ಅವರು ನಕ್ಕರು. ಆಮೇಲೆ ಕೇಳಿದರು, "ಸರಿ, ಈ ಸಲದ ಮಾಲು ಎಲ್ಲೈತಿ?"

ಶಿವಣ್ಣ ಲೇತ್ ನಿಲ್ಲಿಸಿ ನನ್ನ ಬಾಯನ್ನೇ ನೋಡಿದ. ಮಾಲು ಅವತ್ತು ಬೆಳಿಗ್ಗೆ, ನನ್ನ ಕಣ್ಣೆದುರೇ, ನಿಜವಾಗಿ ಹೋಗಿತ್ತು. ಆದರೆ ಹೇಗೆ ಹೇಳುವುದು? ಹೊಸದಾಗಿ ಸುಳ್ಳು ಹೇಳುವವನ ಹಾಗೆ ತೊದಲಿದೆ.

"ಪ್ಲೇಟಿಂಗ್‌ಗೆ... ಹೋಗಿದೆ ಸಾರ್."

ಒಂದು ಕ್ಷಣ ಆ ಕಡೆ ಸದ್ದಿಲ್ಲ. ಲಿಫ್ಟಿನಲ್ಲಿ ಇರಬಹುದಾ ಅಂದುಕೊಂಡೆ.

"ಹೌದಾ?" ಅಂದರು ಬಸವರಾಜಪ್ಪನವರು. "ಹಂಗಾದ್ರ ಸರಿ."