ನನಗಿಂತ ಮೊದಲೇ ಊರು ಮುಟ್ಟಿದವನು

ದೆವ್ವ, ಶಕುನ, ಪೂರ್ವಜನ್ಮ ಎಂಬ ಮಾತು ಬಂದರೆ ನಕ್ಕು ಎದ್ದು ಹೋಗುತ್ತಿದ್ದವನು ನಾನು. ನನ್ನ ಕಸುಬೇ ಅಂಥದು. ನೀರು ಎಷ್ಟು ಅಡಿ ಮೇಲಿನಿಂದ ಇಳಿದರೆ ಯಂತ್ರ ಎಷ್ಟು ವೇಗದಲ್ಲಿ ತಿರುಗುತ್ತದೆ ಎಂದು ಲೆಕ್ಕ ಹಾಕುವ ಎಂಜಿನಿಯರನಿಗೆ ಕಾಣದ್ದನ್ನು ನಂಬುವ ಪ್ರಮೇಯ ಬರುವುದಿಲ್ಲ. ಸಾಗರದ ಕಡೆ ಜಲವಿದ್ಯುತ್ತಿನ ಕೆಲಸ ನಡೆಯುತ್ತಿದ್ದಾಗ, ಭೂತನ ಮರವೆಂದು ಆಳುಗಳು ಮುಟ್ಟಲು ಹೆದರಿದ ಮರಕ್ಕೆ ಮೊದಲ ಕೊಡಲಿ ಏಟು ಹಾಕಿದವನು ನಾನೇ. ಏನೂ ಆಗಲಿಲ್ಲ. ಈಗ ನಾನು ಬರೆಯುತ್ತಿರುವುದನ್ನು ಬೇರೆ ಯಾರಾದರೂ ಬಂದು ನನಗೆ ಹೇಳಿದ್ದರೆ, ಪ್ರಯಾಣದ ದಣಿವು, ಉಂಡು ಮಲಗಿ ಎಂದು ಕಳಿಸುತ್ತಿದ್ದೆ. ನೀವೂ ಹಾಗೆಂದರೆ ನನಗೆ ಬೇಸರವಿಲ್ಲ.

ಮೊದಲು ನನ್ನ ಅಕ್ಕನ ವಿಷಯ ಹೇಳಬೇಕು. ನಮ್ಮ ಅಪ್ಪ, ಅವ್ವ ಹೊಸನಗರದ ಹತ್ತಿರ ಗೇಣಿಗೆ ಗದ್ದೆ ಮಾಡಿಕೊಂಡಿದ್ದವರು. ನಾನು ತೊಟ್ಟಿಲಲ್ಲಿದ್ದಾಗಲೇ ಒಂದೇ ವರ್ಷದಲ್ಲಿ ಇಬ್ಬರೂ ಮಲೇರಿಯಾ ಜ್ವರಕ್ಕೆ ಹೋದರಂತೆ. ಅಕ್ಕನಿಗೆ ಆಗ ಹದಿನೇಳು ವರ್ಷ. ಕೂಸನ್ನು ಸೊಂಟದ ಮೇಲೆ ಹೊತ್ತುಕೊಂಡೇ ಶಿವಮೊಗ್ಗಕ್ಕೆ ಹೋಗಿ, ಹೆರಿಗೆ ನರ್ಸಿನ ತರಬೇತಿ ಪಡೆದು, ಹೊಸನಗರದ ಆಸ್ಪತ್ರೆಗೆ ಕೆಲಸಕ್ಕೆ ಸೇರಿದಳು. ಮದುವೆಯಾಗಲಿಲ್ಲ. ನನ್ನನ್ನು ತೀರ್ಥಹಳ್ಳಿಯಲ್ಲಿ ಹೈಸ್ಕೂಲಿಗೆ ಹಾಕಿದಳು, ಆಮೇಲೆ ಎಂಜಿನಿಯರಿಂಗ್ ಓದಿಸಿದಳು. ಸುತ್ತಿನ ಹಳ್ಳಿಗಳ ಎಷ್ಟೋ ಮಕ್ಕಳು ಅವಳ ಕೈಯಲ್ಲಿ ಕಣ್ಣು ಬಿಟ್ಟಿದ್ದವು. ಯಾವ ಮನೆಗೆ ಹೋದರೂ ಅವಳಿಗೆ ಮಣೆ ಹಾಕುತ್ತಿದ್ದರು. ನನ್ನೊಂದಿಗೆ ಅವಳು ಆಡದ ಮಾತಿಲ್ಲ. ಅಪ್ಪ ಅವ್ವನ ವಿಷಯ ಎತ್ತಿದರೆ ಮಾತ್ರ, “ಎಂತಕ್ಕೆ ಅದೆಲ್ಲ ಈಗ? ಹೋಗಿ ಓದ್ಕೋ” ಎಂದು ಒಲೆಯ ಕಡೆ ತಿರುಗಿಬಿಡುತ್ತಿದ್ದಳು. ನಾನು ಕೇಳುವುದನ್ನೇ ಬಿಟ್ಟಿದ್ದೆ.

ಅರವತ್ತರ ದಶಕದ ನಡುವೆ, ನಮ್ಮಲ್ಲಿಗೆ ಬರಲಿದ್ದ ಯಂತ್ರಗಳ ಬಗ್ಗೆ ಕಲಿತು ಬರಲೆಂದು ನನ್ನನ್ನು ಎಂಟು ತಿಂಗಳ ಮಟ್ಟಿಗೆ ಇಂಗ್ಲೆಂಡಿಗೆ ಕಳಿಸಿದರು. ಏಳನೆಯ ತಿಂಗಳಲ್ಲಿ ಅಕ್ಕನ ಕಾಗದ ಬಂತು. ಯಾವಾಗಲೂ ಮುತ್ತು ಪೋಣಿಸಿದಂತೆ ಬರೆಯುತ್ತಿದ್ದವಳ ಅಕ್ಷರ ಸಾಲು ಬಿಟ್ಟು ಕೆಳಗಿಳಿದಿತ್ತು. ಹೊಟ್ಟೆಯಲ್ಲಿ ಗಡ್ಡೆಯಂತೆ, ಇನ್ನು ಹೆಚ್ಚು ದಿನವಿಲ್ಲ ಎಂದು ತಾನೇ ಬರೆದಿದ್ದಳು. ಕೊನೆಯಲ್ಲಿ, “ನಿಂಗೆ ಒಂದು ಮಾತು ಹೇಳೋದಿದೆ. ಕಾಗದದಲ್ಲಿ ಬರೆಯುವಂಥದಲ್ಲ. ನಾನು ಇರುವಾಗಲೇ ಬಾ” ಎಂದಿತ್ತು. ಅದರ ಬೆನ್ನಿಗೇ ಆಸ್ಪತ್ರೆಯ ಡಾಕ್ಟರರ ತಂತಿ. ತರಬೇತಿಯ ಮೇಲಧಿಕಾರಿ ಒಳ್ಳೆಯ ಮನುಷ್ಯ. ಒಂದು ತಿಂಗಳ ಆಚೆಗಿದ್ದ ನನ್ನ ವಿಮಾನದ ಟಿಕೆಟ್ಟನ್ನು ಎರಡೇ ದಿನದಲ್ಲಿ ಆ ವಾರಕ್ಕೇ ಬದಲಾಯಿಸಿಕೊಟ್ಟ.

ಲಂಡನ್ನಿನಿಂದ ಬೆಳಿಗ್ಗೆ ಹೊರಟೆವು. ಆ ಕಾಲದಲ್ಲಿ ಒಂದೇ ಹಾರಾಟದಲ್ಲಿ ಮುಂಬಯಿ ತಲುಪುತ್ತಿರಲಿಲ್ಲ. ನಮ್ಮ ವಿಮಾನ ನಡುವೆ ಬೈರೂತಿನಲ್ಲಿ ಇಳಿಯಿತು. ಪೂರ್ವ ಪಶ್ಚಿಮಗಳ ನಡುವೆ ಓಡಾಡುವ ವಿಮಾನಗಳು ಸಾಲುಗಟ್ಟಿ ನಿಂತಿರುತ್ತಿದ್ದ ದೊಡ್ಡ ನಿಲ್ದಾಣ ಅದು. ಕಿಟಕಿಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ತುದಿಯಲ್ಲಿ ಹಿಮ ಉಳಿದಿದ್ದ ಬೆಟ್ಟ. ಇಳಿಯುವಾಗ ಪ್ರತಿಯೊಬ್ಬರ ಕೈಗೂ ನಂಬರಿರುವ ಒಂದು ದಪ್ಪ ಕಾರ್ಡು ಕೊಟ್ಟರು. ವಾಪಸ್ ಹತ್ತುವಾಗ ಅದನ್ನು ಬಾಗಿಲಲ್ಲಿ ಒಪ್ಪಿಸಬೇಕು. ನನ್ನದು ನಲವತ್ತೊಂದು.

ದೊಡ್ಡ ಹಜಾರ. ಹತ್ತಾರು ದೇಶಗಳ ಜನ. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಧ್ವನಿವರ್ಧಕದಲ್ಲಿ ಮೂರು ಭಾಷೆಗಳಲ್ಲಿ ಊರುಗಳ ಹೆಸರು ಕೂಗುತ್ತಿದ್ದರು. ನಾನು ಒಂದು ಕುರ್ಚಿಯಲ್ಲಿ ಕೂತು, ಅಕ್ಕ ಏನು ಹೇಳಬಹುದು ಎಂದು ಯೋಚಿಸುತ್ತಿದ್ದೆ. ನಿದ್ದೆ ಬಂದಿರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಕೇಳಿದವರೆಲ್ಲ ಮೊದಲು ಕೇಳುವ ಪ್ರಶ್ನೆ ಅದೇ. ನಮ್ಮ ವಿಮಾನದ ಕರೆ ಬಂದಾಗ ಎದ್ದು ಸಾಲಿನ ಕೊನೆಯಲ್ಲಿ ನಿಂತೆ. ಬಾಗಿಲಲ್ಲಿದ್ದ ಹುಡುಗಿ ನನ್ನ ಕಾರ್ಡು ನೋಡಿದಳು, ನನ್ನ ಮುಖ ನೋಡಿದಳು. ನೀವು ಆಗಲೇ ಹೋದಿರಲ್ಲ ಎಂದಳು. ಇಲ್ಲ ಎಂದೆ. ತನ್ನ ಮುಂದಿದ್ದ ಕಾರ್ಡಿನ ಕಟ್ಟಿನಿಂದ ಒಂದನ್ನು ಎಳೆದು ತೋರಿಸಿದಳು. ಅದೂ ನಲವತ್ತೊಂದು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ಅಚ್ಚಾಗುವಾಗ ಎಲ್ಲೋ ತಪ್ಪಿರಬೇಕು ಎಂಬಂತೆ ಭುಜ ಕುಣಿಸಿ ನನ್ನನ್ನು ಬಿಟ್ಟಳು. ನಾನೂ ಹಾಗೆಯೇ ಅಂದುಕೊಂಡೆ.

ವಿಮಾನದೊಳಗೆ ನನ್ನ ಪಕ್ಕದ ಸೀಟಿನಲ್ಲಿ ಒಬ್ಬರು ಪಂಜಾಬಿ ಹಿರಿಯರಿದ್ದರು. ಲಂಡನ್ನಿನಿಂದ ನನ್ನ ಜೊತೆಗೇ ಬಂದವರು, ಇಲ್ಲಿ ಮೊಣಕಾಲು ನೋವೆಂದು ಕೆಳಗಿಳಿಯದೆ ಕೂತಿದ್ದರು. ನಾನು ಬಂದು ಕೂತದ್ದೇ, ಏನಪ್ಪಾ, ಈಗಷ್ಟೇ ಇಲ್ಲಿಂದ ಎದ್ದು ಮುಂದಕ್ಕೆ ಹೋದೆ, ಹಿಂದಿನಿಂದ ಹೇಗೆ ಬಂದೆ ಎಂದರು. ನಾನು ನಕ್ಕೆ. ಅವರು ನಗಲಿಲ್ಲ. “ನೀನೇ. ಇದೇ ಕೋಟು. ಮಾತಾಡಿಸಿದರೆ ನನ್ನ ಕಡೆ ತಿರುಗಲೇ ಇಲ್ಲ” ಎಂದು ಹಿಂದಿಯಲ್ಲಿ ಹೇಳಿದರು. ಅಷ್ಟರಲ್ಲಿ ವಿಮಾನದ ಹುಡುಗಿ ಸೀಟುಗಳ ನಡುವೆ ತಲೆ ಎಣಿಸಿಕೊಂಡು ಬಂದಳು. ಮತ್ತೆ ಎಣಿಸಿದಳು. ಮೂರನೆಯ ಸಲ ಇನ್ನೊಬ್ಬಳು ಬಂದು ಎಣಿಸಿದಳು. ಒಂದು ತಲೆ ಹೆಚ್ಚು ಎಂಬ ಪಿಸುಮಾತು ನನಗೆ ಕೇಳಿಸಿತು. ನಾಲ್ಕನೆಯ ಸಲಕ್ಕೆ ಲೆಕ್ಕ ಸರಿಹೋಯಿತೆಂದು ಕಾಣುತ್ತದೆ, ಬಾಗಿಲು ಹಾಕಿದರು. ಹೊತ್ತು ಮುಳುಗುತ್ತಿತ್ತು. ವಿಮಾನ ಸಮುದ್ರದ ಮೇಲೆ ಒಂದು ಸುತ್ತು ಬಂದು ಪೂರ್ವಕ್ಕೆ ತಿರುಗಿತು. ಆ ಹಿರಿಯರು ದಾರಿಯುದ್ದಕ್ಕೂ ನನ್ನ ಮೊಣಕೈಗೆ ತಾಗದಂತೆ ಆಚೆ ಸರಿದು ಕೂತಿದ್ದರು.

ಮುಂಬಯಿ ಮುಟ್ಟಿದಾಗ ಬೆಳಕು ಹರಿಯುತ್ತಿತ್ತು. ಆಗ ವಿದೇಶದಿಂದ ಬಂದವರು ಸಿಡುಬಿನ ಚುಚ್ಚುಮದ್ದು ಹಾಕಿಸಿಕೊಂಡ ಹಳದಿ ಪುಸ್ತಕ ತೋರಿಸಬೇಕಿತ್ತು. ಮೇಜಿನ ಹಿಂದಿದ್ದ ಮನುಷ್ಯ ನನ್ನ ಪುಸ್ತಕ ತೆಗೆದುಕೊಳ್ಳದೆ ಕೈ ಬೀಸಿ, ನಿಮ್ಮದಾಯಿತಲ್ಲ, ಮತ್ತೆ ಯಾಕೆ ಒಳಗೆ ಬಂದಿರಿ ಎಂದ. ಯಾವಾಗ ಆಯಿತು ಎಂದು ಕೇಳಿದೆ. ಸ್ವಲ್ಪ ಹೊತ್ತಾಯಿತು ಎಂದ. ಹಿಂದೆ ಸಾಲು ಬೆಳೆಯುತ್ತಿತ್ತು. ಪುಸ್ತಕವನ್ನು ಜೇಬಿಗೆ ಹಾಕಿಕೊಂಡು ಮುಂದೆ ನಡೆದೆ. ನಮ್ಮ ವಿಮಾನ ಇಳಿದೇ ಹದಿನೈದು ನಿಮಿಷವಾಗಿರಲಿಲ್ಲ.

ಅಲ್ಲಿಂದ ಹೊರಗೆ ಬಂದಾಗ ಮೊದಲ ಬಾರಿಗೆ ಹೆದರಿದೆ. ಯಾಕೆಂದು ಆಗ ಸರಿಯಾಗಿ ತಿಳಿಯಲಿಲ್ಲ. ಪುಣೆ, ಹುಬ್ಬಳ್ಳಿ, ಬೀರೂರು ಎಂದು ರೈಲು ಬದಲಾಯಿಸಿಕೊಂಡು ಬರುವಾಗ, ಯಾವುದೋ ಸಣ್ಣ ಸ್ಟೇಷನ್ನಿನಲ್ಲಿ ನಮ್ಮ ಗಾಡಿಯನ್ನು ನಿಲ್ಲಿಸಿ ಇನ್ನೊಂದನ್ನು ಮುಂದೆ ಬಿಟ್ಟರು. ಹಾದುಹೋಗುವ ಡಬ್ಬಿಗಳ ಕಿಟಕಿಗಳನ್ನು ಒಂದೊಂದಾಗಿ ನೋಡುತ್ತ ನಿಂತೆ. ಆಗ ನನ್ನ ಭಯದ ಹೆಸರು ಗೊತ್ತಾಯಿತು. ಅವನು ಯಾರೇ ಆಗಿರಲಿ, ಎಲ್ಲಿಗೆ ಹೊರಟಿದ್ದಾನೆ ಎಂಬುದು ನನಗೆ ಗೊತ್ತಿತ್ತು.

ಮೂರನೆಯ ದಿನ ಮಧ್ಯಾಹ್ನ ಶಿವಮೊಗ್ಗದಲ್ಲಿ ಹೊಸನಗರದ ಬಸ್ಸು ಹತ್ತಿದೆ. ಕಂಡಕ್ಟರ್ ನನ್ನ ಹೈಸ್ಕೂಲಿನ ದಿನಗಳಿಂದ ಪರಿಚಯದವನು. ಟಿಕೆಟ್ಟು ಹರಿಯುವುದನ್ನು ಬಿಟ್ಟು ನನ್ನನ್ನೇ ನೋಡಿದ.

“ನಿನ್ನೆ ಇದೇ ಬಸ್ಸಿಗೆ ಹೋದ್ರಲ್ಲ ಮಾರಾಯ್ರೇ. ಮಾತಾಡ್ಸಿದ್ರೆ ಸುಮ್ನೆ ಕಿಟಕಿ ನೋಡ್ತಾ ಕೂತಿದ್ರಿ. ಅಕ್ಕಂಗೆ ಹುಷಾರಿಲ್ಲ, ಬೇಜಾರಲ್ಲಿದಾರೆ ಅಂತ ನಾನೂ ಸುಮ್ಮನಾದೆ. ವಾಪಸ್ ಯಾವ ಬಸ್ಸಿಗೆ ಬಂದ್ರಿ?”

ನಾನು ಟಿಕೆಟ್ಟಿನ ದುಡ್ಡು ಅವನ ಕೈಗಿಟ್ಟೆ. ರಿಪ್ಪನ್‌ಪೇಟೆಯಲ್ಲಿ ಬಸ್ಸು ಕಾಫಿಗೆಂದು ನಿಂತಾಗ ಇಳಿದು ಓಡಿಬಿಡಲೇ ಅನಿಸಿತು. ಓಡುವುದು ಊರಿನ ಕಡೆಗೋ, ಊರಿನಿಂದ ದೂರಕ್ಕೋ ಎಂಬುದೂ ತಿಳಿಯಲಿಲ್ಲ.

ಆಸ್ಪತ್ರೆಯ ಹಿಂದೆ ಅಕ್ಕನಿದ್ದ ಮನೆ. ಎರಡು ಕೋಣೆ, ಒಂದು ಜಗಲಿ. ಹೊರಗೆ ಸುಡುವ ಬಿಸಿಲು. ಅಕ್ಕನನ್ನು ನೋಡಿಕೊಳ್ಳುತ್ತಿದ್ದ ಆಯಾ ಚೌಡಮ್ಮ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ಕಂಡು ಮೊರ ಕೆಳಗಿಟ್ಟಳು.

“ಮತ್ತೆ ಬಂದ್ರಾ? ಹೇಳ್ದೆ ಕೇಳ್ದೆ ಎದ್ದು ಹೋದ್ರಿ ಅಂತ ನಿನ್ನೆಯಿಂದ ನಂಗೆ ಜೀವಕ್ಕೆ ಸಮಾಧಾನ ಇಲ್ಲ.”

ನಾನು ಅವಳನ್ನು ಕೇಳಿದ್ದು ಒಂದೇ ಮಾತು, ನಿನ್ನೆ ಏನಾಯಿತು ಎಂದು. ಎಂತ ಕೇಳ್ತೀರಿ ನೀವು ಎಂದು ಅವಳಿಗೆ ಗಾಬರಿಯಾಯಿತು. ಆದರೂ ಹೇಳಿದಳು. ಮಧ್ಯಾಹ್ನ ಮೂರರ ಹೊತ್ತಿಗೆ ನಾನು ಬಂದೆನಂತೆ. ಕಾಲಿಗೆ ನೀರು ಕೊಟ್ಟರೆ ಮುಟ್ಟಲಿಲ್ಲ, ಕುಡಿಯಲು ಕೊಟ್ಟರೆ ಕುಡಿಯಲಿಲ್ಲ. ನೇರ ಒಳಗೆ ಹೋಗಿ ಅಕ್ಕನ ತಲೆಯ ಹತ್ತಿರ ಕೂತೆ. ಅಕ್ಕ ಚೌಡಮ್ಮನನ್ನು ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿಸಿದಳು. ಒಂದು ಗಂಟೆಗೂ ಹೆಚ್ಚು ಹೊತ್ತು ಅಕ್ಕನ ಮಾತು, ನಡುನಡುವೆ ಅಳು. “ನಿಮ್ಮ ದನಿ ಮಾತ್ರ ಒಂದ್ಸಲನೂ ಕೇಳ್ಲಿಲ್ಲ” ಎಂದಳು.

ಒಳಗೆ ಹೋದೆ. ಅಕ್ಕ ಚಾಪೆಗೆ ಅಂಟಿಕೊಂಡ ಹಾಗಿದ್ದಳು. ಮುಖ ಮಾತ್ರ ತಿಳಿಯಾಗಿತ್ತು. ಅಷ್ಟು ಹಗುರಾದ ಮುಖವನ್ನು ನಾನು ಅವಳಲ್ಲಿ ಎಂದೂ ಕಂಡಿರಲಿಲ್ಲ. ನನ್ನ ಕೈ ಹಿಡಿದುಕೊಂಡಳು.

“ಇವತ್ತು ಬೆಚ್ಚಗಿದೆ ಕೈ” ಎಂದಳು. “ನಿನ್ನೆ ಎಷ್ಟು ತಣ್ಣಗಿತ್ತು ಅಂತೀಯ. ಹೊಳೆಯಿಂದ ಎದ್ದು ಬಂದ ಹಾಗೆ.”

“ಅಕ್ಕ, ಏನೋ ಹೇಳ್ಬೇಕು ಅಂತ ಬರೆದಿದ್ಯಲ್ಲ” ಎಂದೆ.

ಅವಳು ನನ್ನನ್ನೇ ನೋಡಿದಳು. “ಎಲ್ಲ ಹೇಳಿದ್ನಲ್ಲೋ. ಇನ್ನೆಂತ ಉಳೀತು? ಇಪ್ಪತ್ತೆಂಟು ವರ್ಷ ಹೊಟ್ಟೆಲಿ ಇಟ್ಕೊಂಡಿದ್ದು. ಒಂದ್ಸಲ ಹೇಳೋದ್ರೊಳಗೇ ಜೀವ ಬಾಯಿಗೆ ಬಂತು. ಇನ್ನೊಂದ್ಸಲ ಕೇಳ್ಬೇಡ.”

ನಾನು ಆ ಕ್ಷಣದಲ್ಲಿ ನಿಜ ಹೇಳಬಹುದಿತ್ತು. ನಿನ್ನೆ ಬಂದದ್ದು ನಾನಲ್ಲ, ನಾನು ನಿನ್ನೆ ರೈಲಿನಲ್ಲಿದ್ದೆ ಎನ್ನಬಹುದಿತ್ತು. ಮಾತು ತುಟಿಯವರೆಗೆ ಬಂದಿತ್ತು. ಆದರೆ ಆಮೇಲೆ ಅವಳು ಏನೆಂದುಕೊಳ್ಳಬೇಕು? ಯಾರ ಮುಂದೆ ಅತ್ತೆ, ಯಾರ ತಣ್ಣಗಿನ ಕೈ ಹಿಡಿದೆ ಎಂಬ ಪ್ರಶ್ನೆಯೊಂದಿಗೆ ಅವಳು ಸಾಯಬೇಕೇ?

“ಕೈ ಮೇಲೆ ಕೈ ಇಟ್ಟು ಭಾಷೆ ಕೊಟ್ಟಿದೀಯ” ಎಂದಳು. “ಮರೀಬೇಡ.”

“ಮರೆಯಲ್ಲಕ್ಕ” ಎಂದೆ.

ಅಕ್ಕನಿಗೆ ನಾನು ಹೇಳಿದ ದೊಡ್ಡ ಸುಳ್ಳು ಅದು. ಅಥವಾ ಅದೇ ನಾನು ಕೊಟ್ಟ ಮಾತೋ ಏನೋ. ಮರುದಿನ ಬೆಳಗಾಗುವ ಹೊತ್ತಿಗೆ ಅವಳು ಹೋದಳು. ಕೊನೆಯವರೆಗೂ ನನ್ನ ಕೈ ಅವಳ ಕೈಯಲ್ಲೇ ಇತ್ತು, ಮುಖ ಹಾಗೆಯೇ ತಿಳಿಯಾಗಿತ್ತು.

ಕರ್ಮಾಂತರಗಳೆಲ್ಲ ಮುಗಿದ ಮೇಲೆ ಚೌಡಮ್ಮನನ್ನು ಕೂರಿಸಿಕೊಂಡು ಕೇಳಿದೆ. ಬಾಗಿಲ ಆಚೆಯಿಂದ ಅವಳಿಗೆ ಯಾವ ಮಾತಾದರೂ ಕೇಳಿಸಿತೇ? ಕದ್ದು ಕೇಳುವವಳು ನಾನಲ್ಲ ಎಂದು ಮೊದಲು ಸಿಟ್ಟಾದಳು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು. ಅಕ್ಕ ದನಿ ಏರಿಸಿ ಹೇಳಿದ ಒಂದೇ ಒಂದು ಮಾತು ಹೊರಗೆ ಬಂದಿತ್ತು. ಎರಡು ಸಲ ಹೇಳಿದಳಂತೆ. “ಅದೊಂದು ಮಾತ್ರ ಮಾಡ್ಬೇಡ ಕಣೋ.”

ಯಾವುದೊಂದು? ಚೌಡಮ್ಮನಿಗೆ ಗೊತ್ತಿಲ್ಲ.

ಊಹೆಗಳಿಗೆ ಕೊರತೆಯಿಲ್ಲ. ಅಕ್ಕನ ವಯಸ್ಸು, ನನ್ನ ವಯಸ್ಸು, ಅವಳು ಮದುವೆಯಾಗದೆ ಉಳಿದದ್ದು, ಇವನ್ನೆಲ್ಲ ಕೂಡಿಸಿ ನೀವು ಈಗ ಏನು ಯೋಚಿಸುತ್ತಿರುವಿರೋ ಅದನ್ನು ನಾನೂ ಯೋಚಿಸಿದ್ದೇನೆ. ಅದೇ ನಿಜವಿದ್ದರೂ ನನಗೆ ಅದರಲ್ಲಿ ನಾಚಿಕೆಯಿಲ್ಲ, ಅವಳ ಮೇಲಿನ ಗೌರವ ಹೆಚ್ಚೇ ಆಗುತ್ತದೆ. ಆದರೆ ಅದು ಕೂಡ ಊಹೆ. ಗೇಣಿಯ ಗದ್ದೆಯಿದ್ದ ಹಳ್ಳಿಗೆ ಹೋಗಿ ವಿಚಾರಿಸಿದೆ. ಮಲೇರಿಯಾದ ವರ್ಷಗಳಲ್ಲಿ ಆ ಹಳ್ಳಿಯೇ ಖಾಲಿಯಾಗಿತ್ತು. ನಮ್ಮನ್ನು ಬಲ್ಲವರು ಒಬ್ಬರೂ ಉಳಿದಿರಲಿಲ್ಲ.

ಅವನನ್ನು ಮತ್ತೆ ಯಾರೂ ಕಾಣಲಿಲ್ಲ. ಕಂಡಕ್ಟರನನ್ನು ಕೇಳಿದೆ, ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ ಕೇಳಿದೆ. ಆ ಸಂಜೆ ಹೊಸನಗರದಿಂದ ಹೊರಟ ಯಾವ ಬಸ್ಸಿಗೂ ಅವನು ಹತ್ತಿರಲಿಲ್ಲ. ಮುಂದೆ ಕೆಲಸದ ಮೇಲೆ ಇನ್ನೂ ಎರಡು ಬಾರಿ ವಿದೇಶಕ್ಕೆ ಹೋಗಿ ಬಂದೆ. ಎಲ್ಲಿಯೂ ಏನೂ ಆಗಲಿಲ್ಲ. ನನ್ನಂತೆಯೇ ಕಾಣುವವನೊಬ್ಬ ಇದ್ದಿರಬಹುದು ಎಂದು ಸ್ನೇಹಿತರು ಹೇಳುತ್ತಾರೆ. ಇರಬಹುದು. ಆದರೆ ಅವನು ಹೊಸನಗರಕ್ಕೆ ಯಾಕೆ ಬಂದ? ನನ್ನ ಅಕ್ಕನ ತಲೆದಿಂಬಿನ ಹತ್ತಿರ ಯಾಕೆ ಕೂತ?

ಅದಕ್ಕಿಂತ ನನ್ನನ್ನು ಕಾಡುವುದು ಆ ಭಾಷೆ. ಮದುವೆ ನಿಶ್ಚಯವಾದಾಗ, ಅಕ್ಕ ಬೇಡವೆಂದದ್ದು ಇದೇ ಇರಬಹುದೇ ಎಂದು ತಾಳಿ ಕಟ್ಟುವವರೆಗೂ ಅನುಮಾನಿಸಿದೆ. ತೀರ್ಥಹಳ್ಳಿಯಲ್ಲಿ ಜಾಗ ಕೊಂಡಾಗ, ಮಗಳಿಗೆ ಅಕ್ಕನ ಹೆಸರಿಟ್ಟಾಗ, ಒಬ್ಬ ಹಳೆಯ ಗೆಳೆಯನೊಡನೆ ಮಾತು ಬಿಟ್ಟಾಗ, ಪ್ರತಿಸಲವೂ ಅದೇ ಯೋಚನೆ. ಹೆಂಡತಿಗೆ ಇದನ್ನು ಹೇಳಿದಾಗ, “ಗೊತ್ತಿಲ್ಲದ್ದನ್ನ ಮುರಿದ್ರೆ ದೋಷ ಇಲ್ಲ, ಬಿಡಿ” ಎಂದಳು. ಅವಳ ಮಾತು ಸರಿಯಿರಬಹುದು. ಆದರೆ ಅಕ್ಕ ಕಾರಣವಿಲ್ಲದೆ ಎರಡು ಸಲ ಬೇಡವೆಂದು ಹೇಳುವವಳಲ್ಲ. ಈಗ ನನಗೆ ವಯಸ್ಸಾಯಿತು. ಮಾಡಬೇಕಾದ ಕೆಲಸಗಳು ಹೆಚ್ಚೇನೂ ಉಳಿದಿಲ್ಲ. ಅದೊಂದನ್ನು ನಾನು ಯಾವಾಗಲೋ ಮಾಡಿ ಮುಗಿಸಿದ್ದೇನೋ, ಇನ್ನು ಮೇಲೆ ಮಾಡಲಿದ್ದೇನೋ, ನನಗೆ ತಿಳಿಯದು.