ಪಾಸಾದ ನಂಬರಿನ ಮೇಲೊಂದು ಬೆರಳು

"ನನ್ ಮಗಳ ನಂಬರು ಐತಾ ನೋಡಿ ಸಾರ್, ನಂಗೆ ಓದಕ್ಕೆ ಬರಲ್ಲ" ಎನ್ನುತ್ತಾ ಅಗರಬತ್ತಿ ಹೊಸೆಯುವ ತಾಯಿಯೊಬ್ಬಳು ದಾಸರಹಳ್ಳಿ ಗ್ರಂಥಾಲಯದ ಬಾಗಿಲಲ್ಲಿ ನಿಂತಳು. ಅಂದು ಪತ್ರಿಕೆಯಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಿತ್ತು.

ನನ್ನ ಪೀಣ್ಯದ ವರ್ಕ್‌ಶಾಪಿಗೆ ಲೇತ್ ಜೋಡಿಸಲು ಬಂದಿದ್ದ ಜರ್ಮನ್ ತಂತ್ರಜ್ಞನನ್ನು ಗ್ರಂಥಾಲಯ ತೋರಿಸಲು ನಾನೇ ಕರೆತಂದಿದ್ದೆ. ಇಲ್ಲಿನ ಕಪಾಟುಗಳಿಗೆ ಹಾಕಿದ್ದ ಬೀಗ ನೋಡಿ ಅವನು, ತನ್ನೂರಿನ ಗ್ರಂಥಾಲಯದಲ್ಲಿ ಪುಸ್ತಕದ ಕಪಾಟಿಗೆ ಬೀಗವೇ ಇಲ್ಲವೆಂದು ಆಗಷ್ಟೇ ಹೇಳಿದ್ದ.

ಗ್ರಂಥಪಾಲಕರು ಆಕೆಯ ಕೈಲಿದ್ದ ಹಾಲ್ ಟಿಕೆಟ್ ನೋಡಿ, ಪತ್ರಿಕೆ ಹರಡಿ ಹುಡುಕಿ, "ಪಾಸ್ ಕಣಮ್ಮಾ! ಸ್ವೀಟ್ ಎಲ್ಲಿ?" ಎಂದರು.

"ಯಾವ್ದು, ತೋರ್ಸಿ ಸಾರ್" ಎಂದ ಆಕೆ, ಆ ನಂಬರಿನ ಮೇಲೆ ಬೆರಳಿಟ್ಟು ಹಾಗೇ ನಿಂತಳು. ಫ್ಯಾನಿನ ಗಾಳಿಗೆ ಹಾಳೆ ಹಾರದಂತೆ ಜರ್ಮನ್ ಅದನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದ.

ಗ್ರಂಥಾಲಯ ಹೋಲಿಸುವವರಿಗೆ ನನ್ನ ಸಲಹೆ: ಕಪಾಟು ನೋಡಿ ಬೆಲೆ ಕಟ್ಟಬೇಡಿ, ಸ್ವಲ್ಪ ಹೊತ್ತು ಒಳಗೆ ಕೂತು ನೋಡಿ. ಬೀಗದ ವಿಷಯದಲ್ಲಿ ಮಾತ್ರ ಅವನು ಹೇಳಿದ್ದೇ ಸರಿ.