ಬಿಟ್ಟ ಸ್ಥಳ

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಹಕ್ಕಿ, ಹಾವು, ಹುಳುಹುಪ್ಪಟೆಗಳನ್ನು ಮೂವತ್ತೊಂದು ವರ್ಷಗಳಿಂದ ತಾಳ್ಮೆಯಿಂದ ನೋಡುತ್ತ, ಛಾಯಾಚಿತ್ರಗಳಲ್ಲಿ ದಾಖಲಿಸುತ್ತ ಬಂದ ವಿಜ್ಞಾನ ಶಿಕ್ಷಕರಾದ ಶ್ರೀ ದೊಡ್ಡಪಾಲಯ್ಯನವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಈ ಅಭಿನಂದನಾ ಸಂಪುಟದಲ್ಲಿ ಅವರ ಸಾಧನೆಯನ್ನು ಬಲ್ಲವರು ಬರೆಯಲಿ. ಪಕ್ಕದ ತರಗತಿಯಲ್ಲಿ ಹತ್ತೊಂಬತ್ತು ವರ್ಷ ಕನ್ನಡ ಕಲಿಸಿದ ನಾನು ನನ್ನ ತಪ್ಪನ್ನು ಬರೆಯುತ್ತೇನೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾಗರಹಾವೆಂದು ಕಿರುಚಿ ಇಡೀ ಶಾಲೆಯನ್ನು ಸೇರಿಸಿದ್ದೆ. ಕೋಲು ಹಿಡಿದು ಬಂದವರನ್ನು ತಡೆದು, ಅದು ಪಾಪದ ಕೇರೆಯೆಂದು ತೋರಿಸಿ, ನನ್ನನ್ನೂ ಹಾವನ್ನೂ ಕಾಪಾಡಿದವರು ಅವರೇ. ಆದರೂ ಬೆನ್ನ ಹಿಂದೆ ನಾವು ಅವರನ್ನು ಗೂಬೆ ಮೇಷ್ಟ್ರು ಎಂದೇ ಕರೆಯುತ್ತಿದ್ದೆವು.

ಪ್ರತಿ ಚಿತ್ರದ ಕೆಳಗೆ ಅವರು ಜೀವಿಯ ಹೆಸರು, ದಿನಾಂಕ ಬರೆದು, 'ಸ್ಥಳ' ಎಂಬಲ್ಲಿ ಖಾಲಿ ಬಿಡುತ್ತಿದ್ದರು. ನಾಲ್ಕು ವರ್ಷದ ಹಿಂದೆ, ವಿಜ್ಞಾನ ದಿನದ ಪ್ರದರ್ಶನದ ಹೊತ್ತಿಗೆ ಅವರು ತರಬೇತಿಗೆಂದು ಚಿತ್ರದುರ್ಗಕ್ಕೆ ಹೋಗಿದ್ದರು. ಚಿತ್ರಗಳನ್ನು ಅಂಟಿಸುವ ಕೆಲಸ ನನ್ನ ಪಾಲಿಗೆ ಬಂತು. ಬಿಟ್ಟ ಸ್ಥಳ ತುಂಬಿರಿ ಎಂದು ಮಕ್ಕಳಿಗೆ ಹೇಳಿ ಹೇಳಿ, ಖಾಲಿ ಗೆರೆ ಕಂಡರೆ ಕೈ ಸುಮ್ಮನಿರದ ಹೆಂಗಸು ನಾನು. ಕೊಂಬಿನ ಗೂಬೆಯ ಮರಿಗಳ ಹಿಂದಿದ್ದ ಸೀಳುಬಂಡೆ ನನ್ನ ತವರಾದ ಸಿದ್ದಾಪುರದ್ದು. ಸರ್ ಮರೆತಿದ್ದಾರೆಂದುಕೊಂಡು, ಊರು, ಗುಡ್ಡ, ಬಂಡೆ ಎಲ್ಲವನ್ನೂ ದುಂಡಗೆ ಬರೆದೆ. ಆ ಊರಿನ ಹೆಸರನ್ನು ಈಗ ಇಲ್ಲಿ ಬರೆದರೆ ನಷ್ಟವಿಲ್ಲ, ಅಲ್ಲಿ ಏನೂ ಉಳಿದಿಲ್ಲ.

ಮುಂದಿನ ಅಮಾವಾಸ್ಯೆಗೆ ಮೊದಲೇ, ಮಾಟಕ್ಕೆಂದು ಗೂಬೆ ಹಿಡಿಯುವವರು ತಾಯಿಯನ್ನೂ ಎರಡು ಮರಿಗಳನ್ನೂ ಒಯ್ದರು. ಆ ಗೂಡನ್ನು ಸರ್‌ಗೆ ತೋರಿಸಿದ್ದ ಕುರಿಗಾಹಿ ಕೆಂಚಕ್ಕ ಶಾಲೆಗೇ ಬಂದಳು.

"ಯಾರ್ಗೂ ಹೇಳಲ್ಲ ಅಂದ್ರಿ ಮೇಷ್ಟ್ರೇ, ಅದ್ಕೇ ತೋರಿಸ್ದೆ. ಹೋಗಿ ನೋಡ್ರಿ, ಬರೇ ಗರಿ ಐತೆ."

"ತಪ್ಪು ನಂದೇ ಕೆಂಚಕ್ಕ," ಎಂದರು ಅವರು. ನನ್ನ ಅಕ್ಷರ ಅವರಿಗೆ ಗೊತ್ತಿತ್ತು. ಪಕ್ಕದಲ್ಲೇ ನಿಂತಿದ್ದ ನಾನು ಬಾಯಿ ಬಿಡಲಿಲ್ಲ.

ಆಮೇಲೆ ಯಾವ ಕುರಿಗಾಹಿಯೂ ಅವರಿಗೆ ಗೂಡು ತೋರಿಸಲಿಲ್ಲ. ಗುಡ್ಡ ಗುಡ್ಡ ಅಲೆದವರು ಶಾಲೆಯ ಕಾಂಪೌಂಡಿನೊಳಗೆ ಜೇಡ, ಇರುವೆಗಳ ಚಿತ್ರ ತೆಗೆಯುತ್ತ ನಾಲ್ಕು ವರ್ಷ ಕಳೆದರು. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು.

ಹೋದ ವಾರ ಕೆಂಚಕ್ಕನ ಮನೆಗೆ ಹೋಗಿ ನಿಜ ಹೇಳಿದೆ.

"ಆಯಪ್ಪ ಎದುರಿಗೆ ಬಂದ್ರೆ ಮುಖ ತಿರುಗಿಸ್ತಿದ್ದೆ ಕಣವ್ವ. ಈಗ ಹೇಳ್ತೀಯಲ್ಲ."

ಸರ್, ನಿಮ್ಮ ಆಯಸ್ಸು ಗಟ್ಟಿಯಾಗಿರಲಿ, ಕಣ್ಣು ಮಬ್ಬಾಗದಿರಲಿ, ಗುಡ್ಡದ ದಾರಿ ನಿಮಗೆ ಮತ್ತೆ ತೆರೆಯಲಿ. ಈ ಸಂಪುಟದಲ್ಲಿ ನಿಮ್ಮ ಚಿತ್ರಗಳಿಗೆ ವಿವರ ಬರೆಯುವ ಕೆಲಸವನ್ನು ಸಂಪಾದಕರು ನನಗೇ ಒಪ್ಪಿಸಿದ್ದಾರೆ. ಹೆಸರು ಬರೆದಿದ್ದೇನೆ, ದಿನಾಂಕ ಬರೆದಿದ್ದೇನೆ. ಸ್ಥಳ ಬಿಟ್ಟಿದ್ದೇನೆ.

— ಪ್ರೇಮಲತಾ